ಉಡಿಯ ಕಾಯಿ ಮತ್ತು ಕಾಸರಕೋಡಿನ ಇಳಿಜಾರು

ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಬೇಕೆಂದು ಅನ್ನಿಸಿದ್ದೂ ಇಲ್ಲ. ಆದರೂ ತಿಪಟೂರಿಗೆ ಮರಳಿದ ಮೇಲೆ ಎಲ್ಲಿ ಕೂತಿದ್ದರೂ, ಕಾಲೇಜಿನ ಗ್ರಂಥಾಲಯದ ಮೇಜಿನ ಹಿಂದಾಗಲಿ, ಟೌನ್ ಬಸ್ಸಿನಲ್ಲಾಗಲಿ, ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿ ಹಿಡಿದಿರುತ್ತದೆ. ಅದು ಗಮನಕ್ಕೆ ಬಂದ ಕೂಡಲೇ ಆ ಇಳಿಜಾರು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬರೆದರೆ ಕಾಲು ಸುಮ್ಮನಾದೀತು ಎಂದುಕೊಂಡು ಬರೆಯುತ್ತಿದ್ದೇನೆ.

ಹೊರಟವರು ನಾವಿಬ್ಬರೇ. ಶೈಲ ನನ್ನ ಕಾಲೇಜು ದಿನಗಳ ಗೆಳತಿ. ಗಂಡ ನಾಗರಾಜು ತೀರಿಕೊಂಡ ಮೇಲೆ ಅವರ ಚಿಕ್ಕ ಬಿಳಿ ಕಾರು ಮನೆ ಮುಂದೆ ಧೂಳು ತಿನ್ನುತ್ತ ನಿಂತಿತ್ತು. ಮಾರಿಬಿಡು ಎಂದು ಅವಳ ಅಣ್ಣ ಹೇಳುತ್ತಲೇ ಇದ್ದರು. ಅವಳು ಮಾರುವ ಬದಲು ಓಡಿಸುವುದನ್ನು ಕಲಿತಳು. ಈಗ ಬಸ್ಸಿಲ್ಲದ ಹಳ್ಳಿಯ ಶಾಲೆಗೆ ದಿನಾ ಅದರಲ್ಲೇ ಹೋಗಿ ಪಾಠ ಮಾಡಿ ಬರುತ್ತಾಳೆ. ಮದುವೆಗೆ ಮುಂಚೆ ನಾಗರಾಜು ಮಂಕಿಯಲ್ಲಿ ಮೇಷ್ಟರಾಗಿದ್ದರು. ಆ ಊರನ್ನು, ತಾವು ಬಾಡಿಗೆಗಿದ್ದ ಮನೆಯನ್ನು ಹೆಂಡತಿಗೆ ತೋರಿಸುತ್ತೇನೆ ಎಂದು ಪ್ರತಿ ಬೇಸಿಗೆ ರಜೆಯಲ್ಲೂ ಹೇಳುತ್ತಿದ್ದವರು ಹಾಗೇ ಹೋಗಿಬಿಟ್ಟರು. "ನಾನೇ ಹೋಗಿ ನೋಡಿಕೊಂಡು ಬರ್ತೀನಿ, ನೀನು ಪಕ್ಕದಲ್ಲಿ ಕೂತಿರು ಸಾಕು" ಎಂದಳು ಶೈಲ. ನಾನು ಕೂತೆ.

ಭಟ್ಕಳ

ನಮ್ಮ ಕಡೆಯವರಿಗೆ ಘಟ್ಟದ ಕೆಳಗಿನ ಸೀಮೆ ಪಾಸ್‌ಪೋರ್ಟ್ ಕೇಳದ ಪರದೇಶ. ಭಾಷೆ ನಮ್ಮದೇ, ಆದರೂ ಕಿವಿ ಕೊಟ್ಟು ಕೇಳಬೇಕು. ಬೆವರು ಆರುವುದೇ ಇಲ್ಲ. ಒಗೆದು ಹಾಕಿದ ಬಟ್ಟೆ ಒಣಗಿತೋ ಇಲ್ಲವೋ ಎಂದು ಕೈಗೆ ತಿಳಿಯುವುದಿಲ್ಲ. ಭಟ್ಕಳದ ಪಕ್ಕದ ತೆಂಗಿನಗುಂಡಿ ಎಂಬ ಊರಿನ ದಡದಲ್ಲಿ ನಿಂತು ಇಬ್ಬರೂ ಸಮುದ್ರವನ್ನು ಎಷ್ಟು ಹೊತ್ತು ನೋಡಿದೆವೆಂದರೆ, ದೋಣಿ ತೊಳೆಯುತ್ತಿದ್ದವನೊಬ್ಬ ನಮ್ಮದೇನೋ ಕಳೆದುಹೋಗಿದೆ ಎಂದುಕೊಂಡು ಹುಡುಕಿಕೊಡಲು ಬಂದ.

ಭಟ್ಕಳದ ಹಳೇ ಪೇಟೆಯಲ್ಲಿ ಒಳ್ಳೆಯ ಊಟ ಸಿಗುತ್ತದೆಂದು ಯಾರೋ ಹೇಳಿದ್ದರಿಂದ ಕಾರನ್ನು ಒಂದು ಓಣಿಗೆ ತಿರುಗಿಸಿದೆವು. ಓಣಿ ಹೋಗಹೋಗುತ್ತ ಕಿರಿದಾಗಿ, ಕೊನೆಗೆ ಎರಡೂ ಕಡೆಯ ಗೋಡೆಗಳು ಕಾರಿನ ಕನ್ನಡಿಗಳ ಪಕ್ಕಕ್ಕೇ ಬಂದು ನಿಂತವು. ಬಾಗಿಲು ತೆರೆದು ಇಳಿಯುವಂತಿಲ್ಲ. ಮೇಲಿನ ಕಿಟಕಿಗಳಲ್ಲಿ ಒಬ್ಬೊಬ್ಬರೇ ಹೆಂಗಸರು ಕಾಣಿಸಿಕೊಂಡು ಅಲ್ಲಿನವರ ನವಾಯತಿ ಭಾಷೆಯಲ್ಲಿ ತಮ್ಮತಮ್ಮೊಳಗೇ ಚರ್ಚೆ ನಡೆಸಿದರು. ಒಬ್ಬಳು ಎಡಕ್ಕೆ ಕೈ ಮಾಡಿದರೆ ಎದುರು ಮನೆಯವಳು ಬಲಕ್ಕೆ ಮಾಡುತ್ತಿದ್ದಳು. ಶೈಲ ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡಳು.

ಬಿಳಿ ಟೋಪಿಯ ಹಿರಿಯರೊಬ್ಬರು ಕಾರಿನ ಹಿಂದೆ ಬಂದು ನಿಂತರು. "ಬರ್ಲಿ, ಬರ್ಲಿ. ನನ್ನ ನೋಡಿ ಅಮ್ಮ, ಗೋಡೆ ನೋಡ್ಬೇಡಿ. ಗೋಡೆ ನೋಡಿದ್ರೆ ಗಾಡಿ ಗೋಡೆಗೇ ಹೋಗ್ತದೆ" ಎಂದರು. ಹಟಮಾರಿ ಎಮ್ಮೆಯನ್ನು ಪುಸಲಾಯಿಸಿ ಕರೆದೊಯ್ಯುವವರ ಹಾಗೆ ಎರಡೂ ಕೈ ಆಡಿಸುತ್ತ, ತಾವು ಹಿಂದೆ ಹಿಂದೆ ನಡೆಯುತ್ತ, ಓಣಿಯ ಬಾಯಿಯವರೆಗೂ ನಮ್ಮನ್ನು ಕರೆತಂದರು. ಆಮೇಲೆ ಕಾರಿನೊಳಕ್ಕೆ ಬಗ್ಗಿ ನೋಡಿ ಗಂಡಸರಿಲ್ಲವೇ ಎಂದು ಕೇಳಿದರು. ಇಲ್ಲ, ತಿಪಟೂರಿನಿಂದ ಇವಳೇ ಓಡಿಸಿಕೊಂಡು ಬಂದದ್ದು ಎಂದೆ. ಅವರು "ಘಟ್ಟ ಇಳ್ದು? ಮಾಷಾ ಅಲ್ಲಾಹ್" ಎಂದು ಶೈಲಳನ್ನು ಇನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಕಿಟಕಿಯ ಹೆಂಗಸೊಬ್ಬಳು ಕೆಳಗಿಳಿದು ಬಂದು ಎರಡು ಲೋಟ ಶರಬತ್ತು ಕೊಟ್ಟಳು. ಎಡಕ್ಕೆ ಕೈ ಮಾಡಿದ್ದವಳು ಅವಳೇ. ತನ್ನ ಮಾತು ಕೇಳಿದ್ದರೆ ಆಗಲೇ ಹೊರಗೆ ಬಂದಿರುತ್ತಿದ್ದೆವು ಎಂದು ಹೇಳಿಯೇ ಲೋಟ ವಾಪಸು ತೆಗೆದುಕೊಂಡಳು.

ಅಂದು ಶೈಲ ದಾರಿಯುದ್ದಕ್ಕೂ ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

ಮಂಕಿ

ನಾಗರಾಜು ಇದ್ದ ಮನೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಘಟ್ಟದ ಮೇಲಿಂದ ಬಂದಿದ್ದ ಮಾಸ್ತರು, ಗಂಗಕ್ಕನ ಮನೆ ಎಂದಷ್ಟೇ ಹೇಳಿದ್ದಕ್ಕೆ ಅಂಗಡಿಯವನು ಕೈಯಲ್ಲಿದ್ದ ಗಿರಾಕಿಯನ್ನು ಬಿಟ್ಟು ತೋಟದ ದಾರಿಯವರೆಗೂ ಬಂದ. ಅಂಗಳದ ತುಂಬ ಕಾಯಿ ರಾಶಿ. ಮನೆಯೊಡತಿ ಗಂಗಕ್ಕ ಆ ರಾಶಿಯ ಮಗ್ಗುಲಲ್ಲಿ ಕೂತು ಸೊಸೆಗೆ ಏನೋ ಹೇಳಿಕೊಡುತ್ತಿದ್ದರು. ನಾವು ಯಾರೆಂದು ತಿಳಿದ ಮೇಲೆ ಎದ್ದು ಬಂದು ಶೈಲಳ ಎರಡೂ ಕೈ ಹಿಡಿದುಕೊಂಡರು. ಸಾವಿನ ಸುದ್ದಿ ಅವರಿಗೆ ಮೊದಲೇ ತಲುಪಿತ್ತು.

ಜಗಲಿಯ ಆಚೆಯ ಕೋಣೆ ತೋರಿಸಿದರು. ಈಗ ಅಲ್ಲಿ ಮೋಟಾರು, ಪೈಪು, ಗೊಬ್ಬರದ ಚೀಲ. ಮಾಸ್ತರರಿಗೆ ಮೊದಮೊದಲು ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದೆ ರಾಗಿ ಹಿಟ್ಟಿಗಾಗಿ ಇಡೀ ಮಂಕಿಯನ್ನೇ ಜಾಲಾಡಿದ್ದನ್ನು ಗಂಗಕ್ಕ ಹೇಳಿದರು. ಶೈಲ ಬಾಗಿಲಲ್ಲೇ ನಿಂತು ಗೊಬ್ಬರದ ಚೀಲಗಳನ್ನು ನೋಡುತ್ತಿದ್ದಳು. ಅವಳನ್ನು ಅಲ್ಲೇ ಬಿಟ್ಟು ನಾನು ಅಂಗಳಕ್ಕೆ ಬಂದೆ. ನಮ್ಮೂರಲ್ಲಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗೆ ಗಡಗಡ ಅನ್ನುವವರೆಗೆ ಕಾಯ್ದು ಕೊಬ್ಬರಿ ಮಾಡುತ್ತೇವೆ ಎಂದಾಗ ಸೊಸೆ ನಂಬಲಿಲ್ಲ. ಅಷ್ಟು ದಿನ ಸಾರಿಗೆ ಎಂತ ಹಾಕುದು ಎಂದು ಕೇಳಿದಳು.

ಹೊರಡುವಾಗ ಗಂಗಕ್ಕ ಮೊರ ಹಿಡಿದು ಬಂದರು. ಅಕ್ಕಿ, ರವಿಕೆ ಕಣ, ವೀಳ್ಯ, ಬಾಳೆಹಣ್ಣು, ನುಣ್ಣಗೆ ಸುಲಿದು ಜುಟ್ಟು ಬಿಟ್ಟ ಒಂದು ದೊಡ್ಡ ತೆಂಗಿನಕಾಯಿ. ನಮ್ಮಲ್ಲಿ ಮಡಿಲಕ್ಕಿ ಅನ್ನುವುದನ್ನು ಇಲ್ಲಿ ಉಡಿ ಎನ್ನುತ್ತಾರೆ. ಶೈಲ ಒಂದು ಹೆಜ್ಜೆ ಹಿಂದೆ ಸರಿದಳು.

"ಅಮ್ಮ, ಅವರು ಹೋದ ಮೇಲೆ ನನಗೆ ಯಾರೂ ಮಡಿಲು ತುಂಬಲ್ಲ."

"ಯಾರೂ ತುಂಬುದಿಲ್ಲ ಅಂತ ನಾನೂ ತುಂಬ್ಬಾರ್ದಾ?" ಎಂದರು ಗಂಗಕ್ಕ. "ಹೆಂಡ್ತಿ ಕರ್ಕಂಡು ಬತ್ತೆ ಅಂದಿದ್ರು ಮಾಸ್ತರ್ರು. ನೀ ನಮ್ಮನೆಗೆ ಬಂದದ್ದು ಇದೇ ಮೊದ್ಲು. ಮೊದ್ಲು ಬಂದವ್ಳಿಗೆ ಉಡಿ ಹಾಕ್ದೇ ಕಳ್ಸುದು ನಂಗೆ ಗೊತ್ತಿಲ್ಲ. ಸೆರಗು ಹಿಡಿ."

ಶೈಲ ಸೆರಗು ಹಿಡಿದಳು. ಗಂಗಕ್ಕ ಕುಂಕುಮದ ಬಟ್ಟಲನ್ನು ಅವಳ ಮುಂದೆ ಚಾಚಿದರು, ತಾವು ಹಚ್ಚಲಿಲ್ಲ. ಶೈಲ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ತಾನೇ ಹಚ್ಚಿಕೊಂಡಳು.

ಕಾರು ಹತ್ತುವಾಗ ಅವಳ ಸೆರಗನ್ನು ಬಿಚ್ಚಿ ಎಲ್ಲವನ್ನೂ ಚೀಲಕ್ಕೆ ಹಾಕೋಣ ಎಂದೆ. ತಿಪಟೂರಿನವಳಿಗೆ ಒಂದು ತೆಂಗಿನಕಾಯಿ ಇಷ್ಟು ದೊಡ್ಡದಾಯಿತೇ ಎಂದು ತಮಾಷೆಯನ್ನೂ ಮಾಡಿದೆ. "ಇರಲಿ ಕಣೇ, ಸ್ವಲ್ಪ ದೂರ ಹೀಗೇ ಇರಲಿ" ಎಂದಳು. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಬೆಲ್ಟ್ ಎಳೆದುಕೊಂಡು, ಮಲಗಿದ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡವರ ಹಾಗೆ ಕೂತು ಕಾರು ಶುರು ಮಾಡಿದಳು. ಒತ್ತಾಯ ಮಾಡಲು ನನಗೆ ಮನಸ್ಸು ಬರಲಿಲ್ಲ.

ಕಾಸರಕೋಡಿನ ಇಳಿಜಾರು

ಹೊನ್ನಾವರದ ಶರಾವತಿ ಸೇತುವೆಗೆ ಮುಂಚೆ ಸಿಗುವ ಊರು ಕಾಸರಕೋಡು. ಅದಕ್ಕೂ ಮೊದಲು ಹೆದ್ದಾರಿ ಒಂದು ಕಡೆ ಉದ್ದಕ್ಕೆ ಇಳಿಯುತ್ತದೆ. ಬಿಸಿಲು ಚೆನ್ನಾಗಿತ್ತು. ರಸ್ತೆ ಒಣಗಿತ್ತು. ಹಿಂದೆ ಮುಂದೆ ವಾಹನ ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮನೆಯಲ್ಲಿ ಕೂತು ಮತ್ತೆ ಮತ್ತೆ ನೋಡುವಾಗ ಮಳೆಯನ್ನೋ ಲಾರಿಯನ್ನೋ ಹುಡುಕುತ್ತೇನೆ. ಯಾವುದೂ ಇಲ್ಲ.

ಇಳಿಜಾರಿನ ಬುಡದಲ್ಲಿ ಹೆಂಗಸೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತು ಬಲದಿಂದ ಎಡಕ್ಕೆ ರಸ್ತೆ ದಾಟುತ್ತಿದ್ದಳು. ದೂರವಿದ್ದಳು. ಶೈಲ ವೇಗ ಕಡಿಮೆ ಮಾಡಲು ಕಾಲು ಎತ್ತಿದಳು. ಆ ಎತ್ತುವಿಕೆಗೆ ಸೆರಗು ಸಡಿಲವಾಗಿ ಅಕ್ಕಿ ಸುರ್ರೆಂದು ಜಾರಿತು. ಅಕ್ಕಿಯ ಹಿಂದೆಯೇ ಏನೋ ದಪ್ಪನೆ ಬಿತ್ತು. ನನಗೆ ಅಕ್ಕಿ ಚೆಲ್ಲಿತಲ್ಲ ಎಂದಷ್ಟೇ ಅನ್ನಿಸಿತು. ಶೈಲ ಮುಂದಕ್ಕೆ ಬಾಗಿ ಕಾಲನ್ನು ಒತ್ತಿದಳು, ಮತ್ತೆ ಒತ್ತಿದಳು.

"ಬ್ರೇಕ್ ಹಿಡೀತಿಲ್ಲ ಕಣೇ."

ಕೂಗಲಿಲ್ಲ. ಮನೆಯಲ್ಲಿ ಗ್ಯಾಸ್ ಮುಗಿದಿದೆ ಎನ್ನುವಷ್ಟೇ ದನಿಯಲ್ಲಿ ಹೇಳಿದಳು. ನನಗೆ ಈಗಲೂ ನಿದ್ದೆಯಲ್ಲಿ ಕೇಳಿಸುವುದು ಆ ದನಿಯೇ.

ಹಾರನ್ ಒತ್ತಿ ಹಿಡಿದಳು. ಬುಟ್ಟಿಯ ಹೆಂಗಸು ಓಡುವ ಬದಲು ರಸ್ತೆಯ ನಡುವೆಯೇ ನಿಂತುಬಿಟ್ಟಳು. ಎಡಕ್ಕೆ, ರಸ್ತೆ ಕೆಲಸಕ್ಕೆಂದು ಸುರಿದಿದ್ದ ಜಲ್ಲಿಯ ಗುಡ್ಡೆ ಇತ್ತು. ಶೈಲ ಹ್ಯಾಂಡ್ ಬ್ರೇಕ್ ಎಳೆದು ಕಾರನ್ನು ಅದರ ಕಡೆ ತಿರುಗಿಸಿದಳು. ಅವಳ ಕಿಟಕಿಯ ಆಚೆ ಆ ಹೆಂಗಸಿನ ಮುಖ ನನಗೆ ಕಂಡಿತು. ಅಷ್ಟು ಹತ್ತಿರದಿಂದ ನಾನು ಅಪರಿಚಿತರ ಮುಖವನ್ನು ನೋಡಿದ್ದಿಲ್ಲ. ಕಾರಿನ ಕನ್ನಡಿ ಅವಳ ಸೆರಗಿಗೆ ಸಿಕ್ಕಿ ಮಡಚಿಕೊಂಡಿತು. ಆಮೇಲೆ ಜಲ್ಲಿಯ ಸದ್ದು, ಬೆಲ್ಟು ಎದೆಗೆ ಬಿಗಿದದ್ದು.

ಕೆಲವು ಸಲ ನನ್ನ ತಲೆಯೊಳಗೆ ಜಲ್ಲಿಯ ಗುಡ್ಡೆ ಅಲ್ಲಿರುವುದಿಲ್ಲ. ಆಗ ಎದ್ದು ನೀರು ಕುಡಿದು ಬರುತ್ತೇನೆ.

ಮೊದಲು ಬಾಯಿ ಬಿಟ್ಟದ್ದು ಆ ಹೆಂಗಸೇ. "ಕಣ್ಣು ಎಲ್ಲಿಟ್ಕಂಡಿದ್ರೇ ನೀವು?" ಎಂದು ಬೈಯುತ್ತ ಬಂದವಳು ಕಾರಿನ ಬಾಗಿಲು ಎಳೆದಳು. ಒಳಗೆಲ್ಲ ಅಕ್ಕಿ, ವೀಳ್ಯದೆಲೆ. ಶೈಲಳ ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ಅವಳ ಕಾಲು ಇನ್ನೂ ಒತ್ತುತ್ತಲೇ ಇತ್ತು. ಹೆಂಗಸು ಬಗ್ಗಿ ಆ ಕಾಲನ್ನು ಕೈಯಿಂದ ಸರಿಸಿ, ಬ್ರೇಕಿನ ಅಡಿಗೆ ಸಿಕ್ಕಿಕೊಂಡಿದ್ದ ತೆಂಗಿನಕಾಯಿಯನ್ನು ಜುಟ್ಟು ಹಿಡಿದು ಎಳೆದು ತೆಗೆದಳು. ಕಾಯಿಯನ್ನೂ ಶೈಲಳನ್ನೂ ನೋಡಿದಳು. ಬೈಗುಳ ಅರ್ಧಕ್ಕೇ ನಿಂತಿತು.

ಶೈಲ ಇಳಿದವಳೇ ಅವಳ ತೋಳು, ಬೆನ್ನು, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡತೊಡಗಿದಳು. ಆಸ್ಪತ್ರೆಗೆ ಹೋಗೋಣ, ಈಗಲೇ ಹೋಗೋಣ ಎಂದು ಒಂದೇ ಮಾತನ್ನು ಹೇಳುತ್ತಿದ್ದಳು.

"ಆಸ್ಪತ್ರೆಗೆ ಎಂತಕೆ? ನಂಗೆ ಎಂತ ಆಗ್ಲಿಲ್ಲ" ಎಂದಳು ಆಕೆ. "ಆಗದ್ದು ಮೀನಿಗೆ. ಬನ್ನಿ, ಹೆಕ್ಕುಕೆ ಬನ್ನಿ."

ಬುಟ್ಟಿ ಬಿದ್ದು ಒಣಮೀನು ರಸ್ತೆಯ ತುಂಬ ಹರಡಿತ್ತು. ಮೂವರೂ ಕುಕ್ಕರುಗಾಲಲ್ಲಿ ಕೂತು ಹೆಕ್ಕಿದೆವು. ನಮ್ಮ ಕೈಯಿಂದ ಮೀನು ಮತ್ತೆ ಮತ್ತೆ ಜಾರುತ್ತಿತ್ತು. ಆಕೆಯ ಕೈಯಿಂದಲೂ ಜಾರುತ್ತಿದ್ದುದನ್ನು ಆಗ ನೋಡಿದೆ.

ಟೊಂಕ

ಅವಳ ಹೆಸರು ಮಾದೇವಿ. ಮನೆ ಟೊಂಕದಲ್ಲಿ, ಕಡಲಿಗೆ ಹತ್ತಿರ. ಕಾರನ್ನು ಹೊನ್ನಾವರದ ಗ್ಯಾರೇಜಿನವರು ಎಳೆದುಕೊಂಡು ಹೋದರು. ಮುಂದಿನ ಚಕ್ರದ ಒಳಗಿನ ಯಾವುದೋ ಕೊಂಡಿ ಬಗ್ಗಿದೆ, ರೇಡಿಯೇಟರ್ ಒಡೆದಿದೆ, ನಾಳೆಯವರೆಗೆ ಕಾಯಬೇಕು ಎಂದರು. ನಾವು ಲಾಡ್ಜ್ ಹುಡುಕುತ್ತೇವೆ ಎಂದಾಗ ಮಾದೇವಿ ಶೈಲಳ ಕಾಲುಗಳನ್ನು ನೋಡಿ, ಲಾಡ್ಜಿನ ಮೆಟ್ಟಿಲು ಹತ್ತುಕೆ ಇವ್ಳಿಗೆ ಆಗುದಿಲ್ಲ ಎಂದು ತೀರ್ಮಾನ ಮಾಡಿದಳು.

ಮರಳಿನ ಅಂಗಳದಲ್ಲಿ ಅವಳ ಗಂಡ ಬಲೆ ಹೆಣೆಯುತ್ತಿದ್ದ. ಅವಳು ಕೊಂಕಣಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಪಕ್ಕದ ಮನೆಯವರೂ ಬಂದರು, ಅವರಿಗೆ ಇನ್ನೊಮ್ಮೆ ಹೇಳಿದಳು. ಎರಡನೇ ಸಲಕ್ಕೆ ಕಾರು ದೊಡ್ಡದಾಗಿತ್ತು, ಕೈ ಅಗಲಿಸಿದ್ದರಲ್ಲೇ ನಮಗೆ ತಿಳಿಯಿತು. ಗಂಡ ಎದ್ದು ಹೋಗಿ ಚಹಾ ಮಾಡಿ ತಂದ. ಆಮೇಲೆ ನನ್ನೊಬ್ಬಳಿಗೇ ಕೇಳುವಂತೆ, ದೋಣಿಯಲ್ಲಿ ತಾವು ನೀರಿನ ಕೊಡವನ್ನೂ ಕಟ್ಟದೆ ಇಡುವುದಿಲ್ಲ, ಅಲೆಗೆ ಯಾವ ಸಾಮಾನು ಯಾರ ಕಾಲಿಗೆ ಬರುತ್ತದೆ ಅಂತ ಹೇಳುಕಾಗುದಿಲ್ಲ ಎಂದ.

ಶೈಲ ಕಂಬಕ್ಕೆ ಒರಗಿ ಕೂತಿದ್ದಳು. ಸಂಜೆಯಾಯಿತು. ಮಾದೇವಿ ಆ ತೆಂಗಿನಕಾಯಿಯನ್ನು ತಂದು ಅವಳ ಮುಂದೆ ಇಟ್ಟಾಗ ಮುಖ ತಿರುಗಿಸಿ, ಅದನ್ನು ಸಮುದ್ರಕ್ಕೆ ಹಾಕಿಬಿಡಿ ಎಂದಳು. ಯಾಕೆ ಎಂದು ಮಾದೇವಿ ಕೇಳಿದಳು. ಆಗ ಎಲ್ಲ ಹೊರಬಂತು. ಗಂಡ ಸತ್ತವಳಿಗೆ ಮಡಿಲು ತುಂಬಬಾರದು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ, ಬೇಡವೆಂದು ಗೊತ್ತಿದ್ದೂ ತಾನು ಆಸೆಪಟ್ಟು ಸೆರಗು ಒಡ್ಡಿದ್ದಕ್ಕೆ ಮಾದೇವಿಯ ಜೀವ ಹೋಗುತ್ತಿತ್ತು ಎಂದಳು. ಅಣ್ಣನಿಗೆ ಆಗಲೇ ಫೋನ್ ಮಾಡಿದ್ದಳಂತೆ. ಅವರು ಬಂದು ಕಾರು ಒಯ್ಯುತ್ತಾರೆ, ಊರಲ್ಲಿ ಮಾರಿಬಿಡುತ್ತಾರೆ. ತಾನಿನ್ನು ಸ್ಟಿಯರಿಂಗ್ ಮುಟ್ಟುವುದಿಲ್ಲ. ಶಾಲೆಯ ಗತಿ ಏನು ಎಂದೆ ನಾನು. ಅಣ್ಣನ ಮನೆಯ ಒಂದು ಕೋಣೆಯಲ್ಲಿ ಅವಳು ಕಿಟಕಿ ನೋಡುತ್ತ ಕೂತಿರುವುದು ನನಗೆ ಕಂಡಿತು. ಇಳಿಜಾರಿಗಿಂತ ಅದು ಹೆಚ್ಚು ಹೆದರಿಸಿತು.

ಮಾದೇವಿ ಕಾಯಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದಕ್ಕೆ ಎಂತ ಗೊತ್ತು, ನಿನ್ನ ಗಂಡ ಇದ್ನಾ ಇಲ್ವಾ ಅಂತ? ಉರುಟ ಅದೆ, ಉರುಳ್ತು."

ಅಷ್ಟು ಹೇಳಿ ಅಂಗಳದ ಕಲ್ಲಿಗೆ ಅದನ್ನು ಒಡೆದಳು. ಒಳ್ಳೆಯ ಕಾಯಿ, ನೀರು ಸಿಹಿಯಾಗಿತ್ತು. ಉಡಿಯ ಕಾಯಿಯನ್ನು ಮೀನಿಗೆ ಹಾಕುವ ಕ್ರಮವಿಲ್ಲವೆಂದು ತುರಿದು ಬೆಲ್ಲ ಹಾಕಿ ಪಾಯಸ ಮಾಡಿದಳು. ಮೊದಲ ಲೋಟವನ್ನು ಶೈಲಳ ಕೈಗೆ ಕೊಟ್ಟು, ಅವಳು ಕುಡಿಯುವವರೆಗೂ ಎದುರಿಗೇ ಕೂತಳು. ಶೈಲ ಕುಡಿದಳು. ಕಣ್ಣೀರೂ ಅದಕ್ಕೇ ಬಿತ್ತು. ಉಪ್ಪಾತು, ಇನ್ನು ಸ್ವಲ್ಪ ಬೆಲ್ಲ ಹಾಕ್ತೆ ಎಂದು ಮಾದೇವಿ ಲೋಟ ಕಿತ್ತುಕೊಂಡಳು.

ಆದರೂ ಶೈಲ ಅಣ್ಣನಿಗೆ ಮತ್ತೆ ಫೋನ್ ಮಾಡಲಿಲ್ಲ, ಬರಬೇಡ ಎನ್ನಲಿಲ್ಲ.

ಹೊನ್ನಾವರ

ಮರುದಿನ ಗ್ಯಾರೇಜಿನಲ್ಲಿ ಕಾರು ಸಿದ್ಧವಾಗಿತ್ತು. ಮುಂಭಾಗದಲ್ಲಿ ಒಂದು ಹೊಂಡ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಮಾದೇವಿಯ ಗಂಡ ನಮ್ಮ ಜೊತೆ ಬಂದಿದ್ದ. ಹಿಂದಿನ ಡಿಕ್ಕಿಯಲ್ಲಿದ್ದ ಚೀಲ, ನೀರಿನ ಕ್ಯಾನು, ನನ್ನ ಛತ್ರಿ, ಎಲ್ಲವನ್ನೂ ಬಲೆಯ ಹಗ್ಗದಲ್ಲಿ ಹೆಣೆದು ಕಟ್ಟಿದ. ಊರಿಗೆ ಬಂದ ಮೇಲೆ ಆ ಗಂಟು ಬಿಚ್ಚಲು ನಮಗೆ ಅರ್ಧ ದಿನ ಬೇಕಾಯಿತು.

ಶೈಲ ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟಳು. ಅಣ್ಣ ಬರುವವರೆಗೆ ಕಾರು ಇಲ್ಲೇ ಇರಲಿ, ನಾವು ಬಸ್ಸಿನಲ್ಲಿ ಹೋಗೋಣ ಎಂದಳು. ಅಷ್ಟರಲ್ಲಿ ಮಾದೇವಿ ಬುಟ್ಟಿ ಹೊತ್ತು ಬಂದಳು. ತಲೆಗೆ ಎಣ್ಣೆ ಹಚ್ಚಿ ಹೂ ಮುಡಿದಿದ್ದಳು. ಕುಮಟೆಯ ಸಂತೆಗೆ ಹೊರಟಿದ್ದಳು. ನಮ್ಮನ್ನು ಕೇಳದೆಯೇ ಹಿಂದಿನ ಬಾಗಿಲು ತೆರೆದು ಬುಟ್ಟಿಯನ್ನು ಒಳಗಿಟ್ಟು, ತಾನೂ ಕೂತಳು. ಬಸ್ಸಿಗೆ ಕಾಯುದು ಯಾರು ಎಂದಳು.

"ಅಕ್ಕ, ನಾನು ಓಡಿಸಲ್ಲ" ಎಂದಳು ಶೈಲ.

"ಓಡ್ಸುಕೆ ಬರುದಿಲ್ಲ ಅಂದ್ರೆ ಇಳೀತೆ. ಹೆದ್ರಿಕೆ ಅಂದ್ರೆ ಇಳುದಿಲ್ಲ."

"ನಿನ್ನೆ ನಿಮ್ಮನ್ನೇ..." ಎಂದು ಶೈಲ ನಿಲ್ಲಿಸಿದಳು.

"ನನ್ನೇ. ಹೌದು. ಅದ್ಕೇ ಒಳಗೆ ಕೂತ್ಕಂಡೆ. ಹೊರಗಿದ್ರೆ ಕಷ್ಟ."

ಗ್ಯಾರೇಜಿನವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮಾದೇವಿ ನಗಲಿಲ್ಲ. ಬುಟ್ಟಿಯ ಮೇಲೆ ಕೈ ಇಟ್ಟು, ಬಸ್ಸಿನ ಡ್ರೈವರನಿಗೆ ಕಾಯುವವಳ ಹಾಗೆ ಎದುರು ನೋಡುತ್ತ ಕೂತಳು. ಕೊನೆಗೆ ಶೈಲ ಬೀಗದ ಕೈಗಾಗಿ ನನ್ನ ಕಡೆ ಅಂಗೈ ಚಾಚಿದಳು.

ಕುಮಟೆ

ಅವಳು ಮೊದಲು ಮಾಡಿದ್ದು, ಸೆರಗನ್ನು ಬಿಗಿದು ಕಟ್ಟಿ, ಬಗ್ಗಿ ಕಾಲ ಬುಡವನ್ನೆಲ್ಲ ಕೈಯಿಂದ ತಡವಿದ್ದು. ಮ್ಯಾಟಿನ ಸಂದಿಯಲ್ಲಿ ಒಂದಿಷ್ಟು ಅಕ್ಕಿ ಉಳಿದಿತ್ತು, ಅಷ್ಟೇ. ನಿಂತಲ್ಲೇ ಬ್ರೇಕ್ ಒತ್ತಿದಳು, ಬಿಟ್ಟಳು, ಒತ್ತಿದಳು. ಹಿಂದಿನಿಂದ ಮಾದೇವಿ, ಸಂತೆ ಇವತ್ತೇ ಇರುದು ಎಂದಳು.

ಹೊರಟೆವು. ಕರ್ಕಿ ದಾಟುವವರೆಗೆ ಎತ್ತಿನ ಗಾಡಿಯಂತೆಯೇ ಹೋದೆವು. ಹಿಂದಿನ ಲಾರಿಗಳು ಹಾರನ್ ಹೊಡೆದು ಹೊಡೆದು ಮುಂದೆ ಹೋದವು. ಪ್ರತಿ ಹಾರನ್ನಿಗೂ ಶೈಲಳ ಭುಜ ಬಿಗಿಯುತ್ತಿತ್ತು, ನನ್ನ ಕಾಲು ನೆಲವನ್ನು ಒತ್ತುತ್ತಿತ್ತು. ಮಾದೇವಿ ಮಾತ್ರ ಲಾರಿಯವರನ್ನು ಕಿಟಕಿಯಿಂದ ಬೈಯುತ್ತ, ಹಳದೀಪುರದಲ್ಲಿ ತನ್ನ ತಂಗಿಯ ಮನೆ ಯಾವ ಕಡೆ, ಆ ತಂಗಿಯ ಅತ್ತೆ ಎಂಥವಳು, ಒಣಸೀಗಡಿಯನ್ನು ಹೇಗೆ ಹುರಿಯಬೇಕು ಎಂದು ಹೇಳುತ್ತಿದ್ದಳು. ಕಾರಿನ ತುಂಬ ಒಣಮೀನಿನ ವಾಸನೆ. ನಮ್ಮಂಥ ಬಯಲುಸೀಮೆಯವರಿಗೆ ಮೂಗು ಮುಚ್ಚಿಕೊಳ್ಳುವಂಥದ್ದು. ಅಂದು ಅದು ಬೇಡವೆನ್ನಿಸಲಿಲ್ಲ.

ಧಾರೇಶ್ವರದ ಹತ್ತಿರ ರಸ್ತೆ ಇಳಿಯತೊಡಗಿತು. ದೊಡ್ಡ ಇಳಿಜಾರೇನಲ್ಲ. ಕಾರಿನೊಳಗೆ ಮಾತು ನಿಂತುಹೋಗಿತ್ತು. ಶೈಲ ಮುಂದಕ್ಕೆ ಬಾಗಿ ಕಾಲನ್ನು ಬ್ರೇಕಿನ ಮೇಲಿಟ್ಟಳು. ಕಾರು ಹೇಳಿದ ಹಾಗೆ ಕೇಳಿ ಮೆಲ್ಲಗಾಯಿತು. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆಗಲೂ ಹಿಂದಿನಿಂದ ಮಾತಿಲ್ಲ. ಮಾದೇವಿಗೂ ಈಗ ಹೆದರಿಕೆ ಹತ್ತಿರಬೇಕು, ನಿನ್ನೆಯದು ನೆನಪಾಗಿರಬೇಕು ಎಂದುಕೊಂಡು ತಿರುಗಿ ನೋಡಿದೆ. ಅವಳು ನಿದ್ದೆ ಹೋಗಿದ್ದಳು. ತಲೆ ಕಿಟಕಿಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಒಂದು ಕೈ ಬುಟ್ಟಿಯ ಮೇಲೆ. ನಾನು ಶೈಲಳ ತೋಳು ಮುಟ್ಟಿದೆ. ಅವಳು ಕನ್ನಡಿಯಲ್ಲಿ ನೋಡಿದಳು. ಮತ್ತೆ ನೋಡಿದಳು. ಆಮೇಲೆ ಕುಮಟೆಯವರೆಗೆ ರಸ್ತೆಯ ಒಂದೊಂದು ಗುಂಡಿಯನ್ನೂ ಅವಳು ಹೇಗೆ ಬಳಸಿಕೊಂಡು ಹೋದಳೆಂದರೆ, ಬುಟ್ಟಿಯ ಒಂದು ಮೀನೂ ಅಲುಗಲಿಲ್ಲ.

ಸಂತೆಯ ಹತ್ತಿರ ನೆರಳು ನೋಡಿ ಕಾರು ನಿಲ್ಲಿಸಿದಳು. ಎಬ್ಬಿಸಲೇ ಎಂದು ಸನ್ನೆ ಮಾಡಿದೆ. ಬೇಡವೆಂದು ತಲೆಯಾಡಿಸಿ, ಮಾದೇವಿ ಒರಗಿರದ ಕಡೆಯ ಹಿಂದಿನ ಗಾಜನ್ನು ಇಳಿಸಿ ಗಾಳಿ ಬರಲು ಬಿಟ್ಟಳು. ಅಷ್ಟರಲ್ಲಿ ಅವಳ ಫೋನ್ ಗುನುಗಿತು. ಅಣ್ಣ. ಊರಿನ ಬಸ್ ನಿಲ್ದಾಣದಲ್ಲಿದ್ದರು, ಯಾವ ಬಸ್ಸು ಹತ್ತಬೇಕೆಂದು ಕೇಳುತ್ತಿದ್ದರು. ಅವರ ದನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು.

"ಬರಬೇಡ ಅಣ್ಣ. ನಾನೇ ಓಡಿಸಿಕೊಂಡು ಬರ್ತೀನಿ" ಎಂದಳು ಶೈಲ. ಆ ಕಡೆಯ ದನಿ ಇನ್ನೂ ಏರಿತು. ಅವಳು ಫೋನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ತಗ್ಗಿದ ದನಿಯಲ್ಲಿ ಹೇಳಿದಳು:

"ಮೆಲ್ಲಗೆ ಮಾತಾಡು. ಹಿಂದೆ ಒಬ್ಬರು ಮಲಗಿದ್ದಾರೆ."